ಸುಮಾ ಇನ್ನೂ ಬಂದಿಲ್ಲ

ಅಮೃತಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಮಾಡಿದ ಮೇಲೆ. ಅದಕ್ಕೂ ಸಿಟ್ಟು ಬಂತು. ಮೂವತ್ತು ವರ್ಷ ಮಾತು ಬಿಟ್ಟವಳು ಹೋಗುವಾಗಲಾದರೂ ಹೇಳಿ ಹೋಗಬಾರದೇ ಎಂದು ಅಡುಗೆಮನೆಯಲ್ಲಿ ಒಬ್ಬಳೇ ಬೈದೆ. ಬೈಯುತ್ತಲೇ ಕಣ್ಣು ಒರೆಸಿಕೊಂಡೆ.

ತಿಂಗಳಾದ ಮೇಲೆ ಅವಳ ಗಂಡ ಪ್ರವೀಣಕುಮಾರ್ ಫೋನು ಮಾಡಿದರು. "ಸುಮಕ್ಕ, ನಿಮ್ಮ ಕ್ಲಾಸಿನ ಆ ಹಳೇ ಕಂಪ್ಯೂಟರ್ ಇನ್ನಾ ಮನ್ಯಾಗ ಐತ್ರಿ. ದಿನಾ ಮುಂಜಾನಿ ಪೂಜಿ ಮುಗಿಸಿ ಹಚ್ಚತಿದ್ಲು, ನೋಡತಿದ್ಲು, ಆರಿಸ್ತಿದ್ಲು. ಏನ್ ನೋಡತಿದ್ಲೋ ನನಗ ತಿಳಿವಲ್ದು. ನೀವೊಮ್ಮಿ ಬಂದು ಹೇಳ್ರಿ."

ನನ್ನ ಗಂಡನ ಊರು ಹೊಳಲಿನಿಂದ ಹಡಗಲಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಅವಳ ಊರು ಕೊಟ್ಟೂರಿಗೆ ಹೊರಟೆ. ದಾರಿಯುದ್ದಕ್ಕೂ ತಲೆಯಲ್ಲಿ ಕೊರೆಯುತ್ತಿದ್ದದ್ದು ಹಳೆಯ ಪ್ರಶ್ನೆಯೇ: ನನ್ನ ಮದುವೆಗೆ ಅವಳು ಯಾಕೆ ಬರಲಿಲ್ಲ? ಕರೆದಿದ್ದೆನಲ್ಲ!

ಮದುವೆಗೆ ಮುಂಚೆ ನಾವಿಬ್ಬರೂ ಕೊಟ್ಟೂರಿನಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆವು. ಇದ್ದದ್ದು ಒಂದೇ ಯಂತ್ರ. ಅದಕ್ಕೆ ಒಂದರ ಕೆಳಗೊಂದು ಎರಡು ಫ್ಲಾಪಿ ಡ್ರೈವು. ನಾನು ಕೋಗಳಿಯಿಂದ ಮೊದಲ ಬಸ್ಸಿಗೆ ಬಂದು ಬೆಳಗಿನ ಬ್ಯಾಚಿಗೆ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ ಕಲಿಸುತ್ತಿದ್ದೆ. ಸಂಜೆಯ ಬ್ಯಾಚು ಊರಿನವಳೇ ಆದ ಅಮೃತಾಳದು. ಒಬ್ಬರ ಮುಖ ಒಬ್ಬರು ನೋಡುವುದು ಅಪರೂಪ, ಹಾಗಾಗಿ ನಮ್ಮ ಮಾತೆಲ್ಲ ಮೇಲಿನ ಫ್ಲಾಪಿಯಲ್ಲೇ. ಹೇಳಬೇಕಾದ್ದನ್ನು ಪುಟ್ಟ ಪ್ರೋಗ್ರಾಂ ಮಾಡಿ, ನನ್ನದಾದರೆ ಸುಮಾ, ಅವಳದಾದರೆ ಅಮ್ಮು ಎಂದು ಶುರುವಾಗುವ ಹೆಸರಿಟ್ಟು ಉಳಿಸುವುದು. ಆಮೇಲೆ ಬಂದವಳು ‘ಫೈಲ್ಸ್’ ಎಂದು ಕೊಟ್ಟರೆ ಫ್ಲಾಪಿಯಲ್ಲಿರುವ ಹೆಸರುಗಳೆಲ್ಲ ಪರದೆಗೆ ಬರುತ್ತಿದ್ದವು. ಓದಿದ ಮೇಲೆ ಅಳಿಸಿಬಿಡಬೇಕು, ಜಾಗ ಸಾಲದು. "ಮಿರ್ಚಿ ತಿಂದ ಕೈಲೇ ಕೀಲಿ ಒತ್ತೀನಿ, ಎಣ್ಣಿ ಹತ್ತೈತಿ, ಬೈಬ್ಯಾಡ" ಎಂಬಂಥ ಘನವಾದ ವಿಷಯಗಳು.

ಹೊಳಲಿನ ಸಂಬಂಧ ಗಟ್ಟಿಯಾದಾಗ ಅಮೃತಾ ಮುನಿಸಿಕೊಂಡಳು. "ನೀ ಹೋದ್ರ ಕ್ಲಾಸ್ ಯಾರ್ ನಡಸ್ತಾರ ಲೇ?" ಎಂದು ಮುಖ ತಿರುಗಿಸಿದಳು. ಕೊನೆಯ ದಿನ ಬೆಳಿಗ್ಗೆ ಅವಳಿಗೊಂದು ಫೈಲು ಬರೆದಿಟ್ಟು ಬಂದೆ. ಊರಿಗೆಲ್ಲ ಕಾರ್ಡು ಹಂಚಿದ್ದು ಅಪ್ಪ. ಅವಳನ್ನು ಮಾತ್ರ ನಾನೇ, ನಮ್ಮ ರೀತಿಯಲ್ಲೇ ಕರೆಯಬೇಕೆಂದು ನನ್ನ ಆಸೆ. ಅವಳು ಬರಲಿಲ್ಲ. ಓದಿಯೂ ಬಾರದವಳ ಹತ್ತಿರ ಇನ್ನೇನು ಮಾತು ಎಂದು ನಾನೂ ಬಿಗಿದುಕೊಂಡೆ. ಹಟದಲ್ಲಿ ಇಬ್ಬರೂ ಕಮ್ಮಿಯಿರಲಿಲ್ಲ.

ಪ್ರವೀಣಕುಮಾರ್ ಯಂತ್ರದ ಮೇಲಿನ ಕಸೂತಿ ಬಟ್ಟೆ ತೆಗೆದು ಗುಂಡಿ ಒತ್ತಿದರು. ಕೆಟ್ಟಾಗಲೆಲ್ಲ ಹೆಂಡತಿಯ ಸಲುವಾಗಿ ಹೊಸಪೇಟೆಯಿಂದ ರಿಪೇರಿಯವರನ್ನು ಕರೆಸುತ್ತಿದ್ದರಂತೆ. ಮೇಲಿನ ಡ್ರೈವು ಗರಗರ ಎಂದಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ಒಂದೇ ಸಾಲು ಮೂಡಿತು: ಸುಮಾ ಇನ್ನೂ ಬಂದಿಲ್ಲ.

"ಇದನ್ನ ನೋಡ್ರಿ ದಿನಾ ನೋಡತಿದ್ದದ್ದು," ಎಂದರು.

ಪ್ರೋಗ್ರಾಮಿನ ಸಾಲುಗಳನ್ನು ತೆರೆದು ನೋಡಿದೆ. ‘ಫೈಲ್ಸ್’ ಆಜ್ಞೆಯನ್ನು ಪ್ರೋಗ್ರಾಮಿನ ಒಳಗೇ ಕೂರಿಸಿದ್ದಳು. ಮೇಲಿನ ಡ್ರೈವಿನಲ್ಲಿ ಸುಮಾ ಎಂದು ಶುರುವಾಗುವ ಹೆಸರಿದ್ದರೆ ತೋರಿಸು, ಇಲ್ಲದಿದ್ದರೆ ಈ ಮಾತು ಹೇಳು ಎಂದು. ಹೊಳಲಿನಲ್ಲಿ ಕೂತ ನಾನು ಕೊಟ್ಟೂರಿನ ಫ್ಲಾಪಿಯೊಳಗೆ ಹೇಗೆ ಬಂದೇನು? ಅದು ಅವಳಿಗೂ ಗೊತ್ತಿತ್ತು. ಆದರೂ ಮೂವತ್ತು ವರ್ಷ ನೋಡಿದ್ದಾಳೆ. ಹಾಗಾದರೆ ನಾನು ಬರೆದಿಟ್ಟ ಫೈಲು ಅವಳಿಗೆ ಸಿಕ್ಕೇ ಇಲ್ಲ. ಎಲ್ಲಿ ಹೋಯಿತು?

ಆಗ ನೆನಪಾಯಿತು. ಆ ಬೆಳಿಗ್ಗೆ ಮೇಲಿನ ಫ್ಲಾಪಿ ಹುಡುಗಿಯರ ಪ್ರೋಗ್ರಾಮುಗಳಿಂದ ತುಂಬಿಹೋಗಿತ್ತು, ಜಾಗವಿಲ್ಲವೆಂದು ಯಂತ್ರ ತಕರಾರು ತೆಗೆದಿತ್ತು. ಬಸ್ಸಿನ ಹೊತ್ತು. ಕೆಳಗಿನ ಡ್ರೈವಿನ ಫ್ಲಾಪಿಗೆ ಉಳಿಸಿ ಓಡಿದ್ದೆ. ಯಾವ ಡ್ರೈವನ್ನು ಕೇಳುತ್ತೇವೋ ಅದರ ಹೆಸರುಗಳನ್ನು ಮಾತ್ರ ‘ಫೈಲ್ಸ್’ ತೋರಿಸುತ್ತದೆ, ಇನ್ನೊಂದರದನ್ನು ತೋರಿಸುವುದಿಲ್ಲ. ಇದನ್ನು ಬ್ಯಾಚಿನ ಮೇಲೆ ಬ್ಯಾಚಿಗೆ ಕಲಿಸಿದವರು ನಾವೇ.

ಫ್ಲಾಪಿಗಳ ಡಬ್ಬಿ ತರಿಸಿ, ಕೆಳಗಿನ ಡ್ರೈವಿನದನ್ನು ಹುಡುಕಿ ಹಾಕಿದೆ. ಪ್ರೋಗ್ರಾಮಿನಲ್ಲಿ ಮೇಲಿನ ಡ್ರೈವಿನ ‘ಎ’ ಅಳಿಸಿ ಕೆಳಗಿನದರ ‘ಬಿ’ ಹೊಡೆದು ಓಡಿಸಿದೆ. ಡ್ರೈವು ಬಹಳ ಹೊತ್ತು ಕೆರೆದುಕೊಂಡಿತು. ಪರದೆಯ ಮೇಲೆ ನನ್ನ ಹೆಸರು ಬಂತು. ಫೈಲು ಮಾತ್ರ ತೆರೆಯಲಿಲ್ಲ, ಫ್ಲಾಪಿ ಅಲ್ಲಲ್ಲಿ ಕೆಟ್ಟಿತ್ತು. ಹೆಸರೊಂದೇ ಉಳಿದಿತ್ತು.

"ಏನ್ ಬರದಿದ್ರಿ ಅದರಾಗ?" ಎಂದು ಕೇಳಿದರು.

"ಸಿಟ್ಟು ಬಿಟ್ಟು ಮದುವಿಗೆ ಬಾ, ನೀ ಬರಾತನ ಅಕ್ಕಿಕಾಳು ಹಾಕಿಸ್ಕೊಳ್ಳಲ್ಲ ಅಂತ ಬರದಿದ್ದೆ."

ಪ್ರವೀಣಕುಮಾರ್ ಬಾಗಿಲ ಕಡೆ ಮುಖ ಮಾಡಿದರು. "ನಾನು ಆಕಿ ಸ್ವಾದರಮಾವನ ಮಗನ್ರಿ, ನಿಮ್ಮ ಮದುವಿ ದಿನ ಅವರ ಮನ್ಯಾಗೇ ಇದ್ದೆ. ಹೊಸಾ ಸೀರಿ ಉಟ್ಕೊಂಡು ಮುಂಜಾನಿಂದ ಕಟ್ಟಿ ಮ್ಯಾಲ ಕುಂತಿದ್ಲು. ‘ಆಕಿ ಒಂದ್ ಮಾತು ಕರದಿದ್ರ ಹೋಗತಿದ್ದೆ’ ಅಂತಿದ್ಲು. ಸಂಜಿಕ ಒಳಗ ಹೋಗಿ ಸೀರಿ ಮಡಚಿಟ್ಲು."

ನನಗೆ ತಡೆಯಲಾಗಲಿಲ್ಲ. ಎದುರಿಗೆ ಅವಳೇ ಕೂತಿದ್ದಾಳೆ ಎಂಬಂತೆ ಆ ಯಂತ್ರಕ್ಕೆ ಬೈದೆ. "ಕರದಿದ್ದೆನಲ್ಲ ಲೇ! ಕೆಳಗಿನ ಡ್ರೈವ್ ಒಂದ್ ಸಲ ನೋಡಾಕ ಏನಾಗಿತ್ತು ನಿನಗ?"

ತಿರುಗಿ ಬೈಯಲು ಅವಳಿರಲಿಲ್ಲ.