ಮರಳಿನ ಬಕೆಟ್ಟಿನೊಳಗಿನ ಹರಳು

ವಾಡಿ ಊರಿನ ಆ ಖಾಸಗಿ ಲ್ಯಾಬಿನಲ್ಲಿ ಬೆಂಕಿ ಆರಿಸಲೆಂದು ಇಟ್ಟಿದ್ದದ್ದು ಒಣ ಮರಳಿನ ಒಂದೇ ಬಕೆಟ್ಟು. ಅದರೊಳಗೆ ಸಂಘಮಿತ್ರಾ ತನ್ನ ಫ್ಲಾಸ್ಕನ್ನು ಹೂತಿಟ್ಟಿದ್ದಳು. ಊರಾಚೆ ಸುಣ್ಣಕಲ್ಲಿನ ಗಣಿಯಲ್ಲಿ ಮದ್ದು ಹಾರಿಸಿದಾಗೆಲ್ಲ ಮೇಜು ನಡುಗಿ, ಬೆಳೆಯುತ್ತಿದ್ದ ಹರಳು ಪುಡಿಯಾಗುತ್ತಿತ್ತು. ಮರಳಿನೊಳಗೆ ನಡುಕ ಮುಟ್ಟುತ್ತಿರಲಿಲ್ಲ.

ಮೀಥೇನಿನಲ್ಲಿ ಇಂಗಾಲವು ಹೈಡ್ರೋಜನನ್ನು ಹಿಡಿದಿರುವ ಹಿಡಿತ ಬಲು ಗಟ್ಟಿ. ಅದನ್ನು ಬಿಡಿಸಬಲ್ಲ ಹೊಸ ಸಂಯುಕ್ತವನ್ನು ಅವಳು ಇರಿಡಿಯಂ ಲೋಹಕ್ಕೆ ಇಂಗಾಲದ ಕೊಂಡಿಗಳನ್ನು ಜೋಡಿಸಿ ಕಟ್ಟಿದ್ದಳು. ಅದರ ಆಕಾರವನ್ನು ಹೈದರಾಬಾದಿನ ಎಕ್ಸ್‌ರೇ ಯಂತ್ರ ಹೇಳಬೇಕಿತ್ತು. ಅದಕ್ಕೆ ಬೇಕಾದ ಕಿತ್ತಳೆ ಬಣ್ಣದ ಹರಳುಗಳು ಈಗ ಬೆಳೆದಿದ್ದವು. ಗಾಳಿ ತಾಗಿದರೆ ಸತ್ತಂತೆಯೇ. ಮತ್ತೆ ಮಾಡಲು ಇರಿಡಿಯಂ ಉಳಿದಿರಲಿಲ್ಲ.

ಮಧ್ಯಾಹ್ನ ಲ್ಯಾಬಿನ ಮುಖ್ಯಸ್ಥ ಶಾಂತಕುಮಾರ ಚೀಲ ಹಿಡಿದು ಬಂದ.

"ಫ್ಲಾಸ್ಕ್ ಕೊಡು. ಹೈದರಾಬಾದಿಗಿ ನಾ ಒಯ್ತೀನಿ."

"ನಾನೂ ಬರ್ತೀನ್ರಿ ಸರ್."

"ನೀ ಯಾಕ? ಪೇಪರ್ ಬರದಾಗ್ಯಾದ."

"ನನ್ನ ಹೆಸರು?"

"ಕಡೀಗಿ ಥ್ಯಾಂಕ್ಸ್ ಹೇಳೀನಿ. ಬಾಟ್ಲಿ ತೊಳದವರಿಗೆಲ್ಲ ಹೇಳ್ತಾರ."

ಅವಳು ಬಕೆಟ್ಟಿಗೆ ಅಡ್ಡ ನಿಂತಳು. ಅವನು ರಟ್ಟೆ ಹಿಡಿದು ತಿರುವಿದ. ಅವಳು ಕದಲದಿದ್ದಾಗ ಗಾಜಿನ ಕಪಾಟಿಗೆ ನೂಕಿದ. ಗಾಜು ಒಡೆದು ಹಣೆ ಸೀಳಿತು, ರಕ್ತ ಕಣ್ಣಿಗಿಳಿಯಿತು.

ಅದೇ ಹೊತ್ತಿಗೆ ಬುತ್ತಿ ಕೊಡಲು ಬಂದ ಅಣ್ಣ ದೇವಿಂದ್ರ ಬಾಗಿಲಲ್ಲಿದ್ದ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಷೀನು ನಡೆಸುವವನು.

"ನನ್ನ ತಂಗಿ ಮ್ಯಾಲ ಕೈ ಮಾಡ್ತಿ, ಬಾಡಕೋ?"

ಬುತ್ತಿ ಡಬ್ಬಿಯಿಂದಲೇ ಮುಖಕ್ಕೆ ಬಾರಿಸಿದ. ಶಾಂತಕುಮಾರನ ಮೂಗು ಮುರಿದ ಸಪ್ಪಳ ಕೇಳಿಸಿತು. ಅನ್ನ, ಬ್ಯಾಳಿ, ರಕ್ತ ಎಲ್ಲ ಅಂಗಿಯ ಮೇಲೆ. ಶಾಂತಕುಮಾರ ಅವನ ಗಂಟಲು ಹಿಡಿದ. ಇಬ್ಬರೂ ಉರುಳಾಡಿ ಮೇಜಿಗೆ ಬಡಿದರು.

ಬ್ಯುಟೈಲ್ ಲಿಥಿಯಂ ಬಾಟಲಿ ಬಿದ್ದು ಒಡೆದು ಶಾಂತಕುಮಾರನ ಕಾಲ ಮೇಲೆ ಚೆಲ್ಲಿತು.

ಗಾಳಿ ಸೋಕಿದರೆ ಸಾಕು, ತಾನೇ ಹೊತ್ತಿಕೊಳ್ಳುವ ದ್ರವ ಅದು. ಶಾಂತಕುಮಾರನ ಪ್ಯಾಂಟು ಭುಗ್ಗೆಂದಿತು. ಅವನು ಕಿರುಚಿದ. ದೇವಿಂದ್ರ ಕೈಬಿಟ್ಟು ಹಿಂದೆ ಸರಿದ. ಕಲ್ಲು ಕೊಯ್ಯುವಾಗ ಬ್ಲೇಡು ಕಾದರೆ ನೀರು, ಕಿಡಿ ಎದ್ದರೆ ನೀರು. ಅವನ ಕೈಗೆ ಬೇರೆ ರೂಢಿಯೇ ಇರಲಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದ ನೀರಿನ ತಂಬಿಗೆ ಎತ್ತಿದ.

"ಅಣ್ಣಾ, ನೀರ್ ಬ್ಯಾಡ!"

ಅಷ್ಟರಲ್ಲಿ ಎರಚಿಬಿಟ್ಟಿದ್ದ. ನೀರು ಮುಟ್ಟಿದ್ದೇ ಬೆಂಕಿ ಸಿಡಿದು ಎದೆಗೇರಿತು. ದೇವಿಂದ್ರನ ಹುಬ್ಬು ಸುಟ್ಟಿತು. ನೆಲದ ಮೇಲೆ ಹೊರಳುತ್ತಿದ್ದ ಶಾಂತಕುಮಾರನ ಚರ್ಮ ಬೊಬ್ಬೆ ಎದ್ದು ಸುಲಿಯುತ್ತಿತ್ತು.

ಉಳಿದಿದ್ದದ್ದು ಮರಳು. ಗಾಳಿ ತಾಗದಂತೆ ಫ್ಲಾಸ್ಕಿನ ಕೊರಳನ್ನು ಆರ್ಗಾನ್ ಅನಿಲದ ನಳಿಗೆಗೆ ಬಿಗಿಯಲಾಗಿತ್ತು. ಬಿಚ್ಚುವಷ್ಟರಲ್ಲಿ ಅವನು ಸಾಯುತ್ತಿದ್ದ.

ಬಕೆಟ್ಟಿನ ಮುಂದೆ ಅವಳು ತಡೆದು ನಿಂತಳು. ನಿಂತದ್ದು ದೇವಿಂದ್ರನಿಗೂ ಕಾಣಿಸಿತು.

"ಸುಡಲಿ ಬಿಡು! ನಿನ್ನ ಸಾಮಾನು ತಕ್ಕೊಂಡು ಹೊರಗ ನಡಿ!"

ಅವಳು ಎರಡೂ ಕೈಯಲ್ಲಿ ಬಕೆಟ್ಟು ಕಿತ್ತಳು. ಗಾಜಿನ ಕೊರಳು ಲಟಕ್ಕನೆ ಮುರಿಯಿತು. ಮರಳು, ಫ್ಲಾಸ್ಕು ಎರಡನ್ನೂ ಶಾಂತಕುಮಾರನ ಎದೆಯ ಮೇಲೆ ಸುರಿದಳು. ಕೈಯಿಂದಲೇ ಮರಳನ್ನು ಹೊಟ್ಟೆಗೆ, ತೊಡೆಗೆ ಒತ್ತಿದಳು. ತನ್ನ ಅಂಗೈ ಸುಟ್ಟರೂ ಒತ್ತಿದಳು. ಉರಿ ಉಸಿರುಗಟ್ಟಿ ಆರಿತು.

ಸುಟ್ಟ ಮಾಂಸದ ವಾಸನೆ ಉಳಿಯಿತು. ಮರಳಿನ ಮೇಲೆ ಚದುರಿದ ಕಿತ್ತಳೆ ಹರಳುಗಳು ನೋಡುತ್ತಿದ್ದಂತೆ ಕಂದಾಗಿ, ಕಪ್ಪಾದವು.

"ಇಂವನ ಸಲುವಾಗಿ ಎಲ್ಲಾ ಒಡಕೊಂಡ್ಯಾ, ಹುಚ್ಚಿ?" ದೇವಿಂದ್ರ ಅಳತೊಡಗಿದ್ದ.

"ಆಂಬುಲೆನ್ಸಿಗಿ ಫೋನ್ ಹಚ್ಚು."

ನೆಲದಲ್ಲಿದ್ದವನ ತುಟಿಗಳು ಅಲುಗಿದವು. "ಹರಳು... ಎಲ್ಲಿ ಅವ?"

ಸಂಘಮಿತ್ರಾ ಹಣೆಯ ರಕ್ತ ಒರೆಸಿಕೊಂಡಳು.

"ನಿಮ್ಮ ಮೈಮ್ಯಾಲೇ ಅವ ರೀ ಸರ್. ಒಯ್ರಿ ಹೈದರಾಬಾದಿಗಿ."