ಹಳ್ಳದಾಚೆಯ ಬೆಲ್ಟು

ನಾನು ಸಾವೆಯ ಸಿಪ್ಪೆ ಸುಲಿದು ಅಕ್ಕಿ ಮಾಡುವ ಯಂತ್ರ. ಹುಟ್ಟಿದ್ದು ಹಾವೇರಿಯ ಒಂದು ವೆಲ್ಡಿಂಗ್ ಶಾಪಿನಲ್ಲಿ. ಹುಟ್ಟುವಾಗಲೇ ಸುತ್ತಿಗೆಯ ಏಟು ತಿಂದವನು. ಅದಕ್ಕೋ ಏನೋ, ಸ್ವಲ್ಪ ಹಟಮಾರಿ.

ನನ್ನನ್ನು ಕೊಂಡವರು ಕುರುಗುಂದ ಮತ್ತು ಹೊಸಮಾಳದ ಹೆಂಗಸರು. ಎರಡೂ ಊರಿನ ನಡುವೆ ಒಂದು ಹಳ್ಳ, ಅಷ್ಟೇ. ಒನಕೆಯಲ್ಲಿ ಸಾವೆ ಕುಟ್ಟಿ ಕುಟ್ಟಿ ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಬೇಸತ್ತು ಬಹಳ ಮನೆಯವರು ಸಾವೆ ಬಿತ್ತುವುದನ್ನೇ ಬಿಟ್ಟಿದ್ದರು. ಒಂದೇ ಊರಿನ ಹೆಂಗಸರ ಸಂಘಕ್ಕೆ ನನ್ನನ್ನು ಕೊಳ್ಳುವ ಶಕ್ತಿ ಇರಲಿಲ್ಲ, ಎರಡೂ ಸೇರಿದವು. ಕುರುಗುಂದದಲ್ಲಿ ನನ್ನನ್ನು ಟ್ರ್ಯಾಕ್ಟರಿನಿಂದ ಇಳಿಸಿದಾಗ ಆ ಊರಿನ ಸಂಘದ ಶಾವಂತ್ರವ್ವ ನನ್ನ ಹಣೆಗೆ ಅರಿಶಿನದ ಭಂಡಾರ ಹಚ್ಚಿದಳು. ನನಗೂ ಹಣೆಯಿದೆಯೆಂದು ಗೊತ್ತಾದದ್ದು ಅವತ್ತೇ.

ಆದರೆ ನಾನು ಯಾವ ಊರಲ್ಲಿರಬೇಕೆಂದು ಯಾರೂ ಮಾತಾಡಿಕೊಂಡಿರಲಿಲ್ಲ! ಗಂಡಸರು ತಕರಾರು ತೆಗೆದರು. ಹೊಸಮಾಳದ ರಾಜೇಸಾಬ ಸಿಟ್ಟಿನಲ್ಲಿ ನನ್ನ ಬೆಲ್ಟು ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಮಷಿನ್ ನಿಮ್ಮಲ್ಲೇ ಇರ್ಲಿ, ಬೆಲ್ಟ್ ನಮ್ಮಲ್ಲಿರತೈತಿ. ಹೆಂಗ ತಿರಗಸ್ತೀರಿ ನೋಡೂಣು," ಎಂದು ಹಳ್ಳ ದಾಟಿ ಹೋದ. ಹೊಸ ಬೆಲ್ಟು ತರಬಾರದೇ ಎನ್ನುತ್ತೀರಾ? ಒಯ್ದವರೇ ತಂದುಕೊಡಲಿ ಎಂದು ಕುರುಗುಂದದವರೂ ಪಟ್ಟು ಹಿಡಿದರು.

ನನ್ನ ಹೊಟ್ಟೆಯಲ್ಲಿ ಇಲಿ ಸಂಸಾರ ಹೂಡಿತು. ನನಗೆ ನಾಚಿಕೆ, ಶಾವಂತ್ರವ್ವನಿಗೆ ಚಿಂತೆ. ಬಿತ್ತುವ ಸಾವೆ ಬೀಜ ಉಳಿದದ್ದು ಅವಳ ಗಡಿಗೆಯಲ್ಲಿ ಮಾತ್ರ. "ಸುಲಿಯೋರ್ಯಾರು?" ಎಂದು ಯಾರೂ ಅದನ್ನು ಕೇಳಲಿಲ್ಲ. ಈ ಮುಂಗಾರಿಗೂ ಬಿತ್ತದಿದ್ದರೆ ಹುಳು ಹಿಡಿದು ಬೀಜವೇ ಹೋಗುತ್ತಿತ್ತು.

ಮುಂದಿನದನ್ನು ಬೆಲ್ಟೇ ನನಗೆ ಹೇಳಿದ್ದು. ಒಂದು ಬೆಳಿಗ್ಗೆ ಶಾವಂತ್ರವ್ವ ಬಿತ್ತಲು ಬಾರದ ಹಳೆಯ ಸಾವೆಯ ಚೀಲ ಹೊತ್ತು ಹಳ್ಳ ದಾಟಿ, ರಾಜೇಸಾಬನ ಅಂಗಳದ ಒರಳಿನ ಮುಂದೆ ಕುಟ್ಟಲು ನಿಂತಳಂತೆ.

"ಇದೇನ ಯಕ್ಕಾ, ನಮ್ಮ ಅಂಗಳದಾಗ?" ಎಂದಳು ಅವನ ಹೆಂಡತಿ ಮಾಬೂಬಿ.

"ಬೆಲ್ಟ್ ಇಲ್ಲೈತಲ್ಲವಾ, ಅದಕ್ಕ ಇಲ್ಲೇ ಕುಟ್ಟತೀನಿ. ಅದು ಹೊರಗ ಬರೂತನಕ ಹೋಗೂದಿಲ್ಲ."

ಮಾಬೂಬಿ ಸುಮ್ಮನಿರಲಾರದೆ ಇನ್ನೊಂದು ಒನಕೆ ಹಿಡಿದಳು. ನೆರೆಯ ಹೆಂಗಸರೂ ಬಂದರು. ಮಧ್ಯಾಹ್ನ ರಾಜೇಸಾಬ ಊಟಕ್ಕೆ ಬಂದರೆ ಒಲೆಯೇ ಹೊತ್ತಿರಲಿಲ್ಲ. ಮಾಬೂಬಿ ಒನಕೆಯನ್ನು ಅವನ ಕೈಗಿಟ್ಟಳು. "ಬೆಲ್ಟ್ ತಗೀತೀರೋ, ಇದನ್ನ ಹಿಡೀತೀರೋ?"

ಅವನು ಸ್ವಲ್ಪ ಹೊತ್ತು ಕುಟ್ಟಿದ. ಆಮೇಲೆ ಬೆಲ್ಟಿದ್ದ ಅಟ್ಟ ಹತ್ತಿದ.

ಹಳ್ಳದ ದಂಡೆಯಲ್ಲೇ ನನಗೊಂದು ಮನೆಯಾಯಿತು. ಜಾಗ ಕುರುಗುಂದದ್ದು, ಕಲ್ಲು ಮತ್ತು ಆಳು ಹೊಸಮಾಳದ್ದು, ಕರೆಂಟು ಹಾಲಿನ ಸೊಸೈಟಿಯದು. ಗಡಿಗೆಯ ಬೀಜ ಎರಡೂ ಊರಿನ ಹೊಲ ಸೇರಿತು. ಬೆಲ್ಟು ಮಾತ್ರ ಹೊಸಮಾಳದಲ್ಲೇ ಉಳಿಯಿತು. ಹಾಗೆ ಹಟ ಹಿಡಿದವಳು ಶಾವಂತ್ರವ್ವನೇ. "ಎಲ್ಲಾ ನಮ್ಮ ಕೈಯಾಗ ಇದ್ರ ನಿಮ್ಮನ್ನ ಮರತ ಬಿಡ್ತೀವಿ," ಎಂದಳು. ಅಂದಿನಿಂದ ಪ್ರತಿ ಸುಗ್ಗಿಗೂ ಹೊಸಮಾಳದವರು ಬೆಲ್ಟಿಗೆ ಹೂ ಸುತ್ತಿ ತರುತ್ತಾರೆ. ಅದು ಬರುವ ತನಕ ಕೆಲಸ ಶುರುವಿಲ್ಲ.

ಈಗ ನನ್ನ ಒಳಗೆಲ್ಲ ಸವೆದಿದೆ. ಪಕ್ಕದಲ್ಲಿ ಹೊಸ ಯಂತ್ರ ಬಂದಿದೆ. ಅದಕ್ಕೆ ಬೆಲ್ಟೇ ಬೇಡ, ಗುಂಡಿ ಒತ್ತಿದರೆ ಸಾಕು. ನನ್ನನ್ನು ಕೇಳಲು ಬಂದ ಗುಜರಿಯವನನ್ನು ಮುದುಕಿ ಶಾವಂತ್ರವ್ವ ಬಾಗಿಲಿನಿಂದಲೇ ಅಟ್ಟಿದಳು.

ಈ ಸುಗ್ಗಿಯಲ್ಲೂ ಯಾರೂ ಗುಂಡಿ ಮುಟ್ಟದೆ ಹಳ್ಳದ ಕಡೆ ನೋಡುತ್ತ ಕುಳಿತಿದ್ದರು. ಮಾಬೂಬಿ ಮೊಣಕಾಲು ಹಿಡಿದುಕೊಂಡು ಬಂದು, ಹಳೆಯ ಬೆಲ್ಟನ್ನು ನನಗೆ ತೊಡಿಸಿ, "ಇನ್ನ ಚಾಲೂ ಮಾಡ್ರವಾ," ಎಂದಳು. ಹೊಸದು ಗುರ್ ಎಂದಿತು.

ನಾನು ತಿರುಗಲಿಲ್ಲ. ಆದರೆ ನನಗೆ ಬೆಲ್ಟು ತೊಡಿಸುವ ತನಕ ಅದೂ ತಿರುಗಲಿಲ್ಲ.