ಎದುರು ತೊಟ್ಟಿಲಿಗೆ ಜನ ಬೇಕು

ನಾನು ಜೈಂಟ್ ವೀಲಿನ ಒಂದು ತೊಟ್ಟಿಲು. ಹನ್ನೆರಡು ತೊಟ್ಟಿಲುಗಳಲ್ಲಿ ಏಳನೆಯದು. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಹುಟ್ಟಿದೆ. ಆ ಶೆಡ್ಡಿನವರ ನಿತ್ಯದ ಕಸುಬು ಮನೆ ಗೇಟು, ಕಿಟಕಿ ಸರಳು. ಅಂದರೆ ಜನ ಒಳಗೆ ಬಾರದಂತೆ ನೋಡಿಕೊಳ್ಳುವುದು. ಜನ ಕೂರಲಿ ಎಂದು ಅವರು ಮಾಡಿದ ಮೊದಲ ಸಾಮಾನುಗಳು ನಾವೇ. ಅದಕ್ಕೇ ಇರಬೇಕು, ನನ್ನ ಚಿಲಕ ಹಾಕುವುದು ಸುಲಭ, ತೆಗೆಯುವುದು ಕಷ್ಟ.

ಮೊದಲ ಎಂಟು ವರ್ಷ ಒಂದು ಊರೂರು ತಿರುಗುವ ಎಗ್ಜಿಬಿಷನ್ ಕಂಪನಿಯಲ್ಲಿದ್ದೆ. ಆಮೇಲೆ ಕಂಪನಿ ಮುಳುಗಿತು. ಬೆಂಗಳೂರಿನ ಗಂಗಹನುಮಯ್ಯ ಎಂಬ ಸಾಹುಕಾರ ಇಡೀ ಚಕ್ರವನ್ನು ಕೊಂಡು, ಒಂದು ಮೈದಾನದ ಮೂಲೆಯಲ್ಲಿ ಕಾಯಂ ಆಗಿ ನಿಲ್ಲಿಸಿದ. ಚಕ್ರದ ಜೊತೆಗೆ ಅದನ್ನು ಓಡಿಸುವ ಇಮಾಮಸಾಬನೂ ಬಂದ. ಸವಣೂರಿನವನು, ಅರವತ್ತರ ಹತ್ತಿರ.

ಬೆಂಗಳೂರಿಗೆ ಸುತ್ತಾಡಲು ಬಂದವರು ಲಾಲ್‌ಬಾಗಿನ ಗಾಜಿನ ಮನೆ ನೋಡಿ, ವಿಧಾನಸೌಧದ ಮುಂದೆ ಫೋಟೋ ಹೊಡೆಸಿಕೊಂಡು, ಮೆಟ್ರೋದಲ್ಲಿ ಒಂದು ಸ್ಟೇಷನ್ ಹೋಗಿ ಬಂದು, ಇನ್ನೂ ಹೊತ್ತು ಉಳಿದರೆ ನಮ್ಮಲ್ಲಿಗೆ ಬರುತ್ತಿದ್ದರು. ಇಡೀ ದಿನ ನಡೆದು ಬಂದವರಿಗೆ ಕೂತಲ್ಲಿಂದಲೇ ಇಡೀ ಊರು ಕಾಣುತ್ತದೆಂದರೆ ಯಾರಿಗೆ ಬೇಡ?

ಇಮಾಮಸಾಬ ಬಂದವರ ಮುಖ ನೋಡುತ್ತಿರಲಿಲ್ಲ, ಸೊಂಟ ನೋಡುತ್ತಿದ್ದ. ಇದಕ್ಕಾಗಿ ಎರಡು ಸಲ ಗಂಡಂದಿರಿಂದ ಬೈಸಿಕೊಂಡಿದ್ದಾನೆ. ಆದರೆ ಅವನು ನೋಡುತ್ತಿದ್ದದ್ದು ತೂಕವನ್ನು. ಏಳನೇ ತೊಟ್ಟಿಲಿಗೆ ಒಬ್ಬ ದಪ್ಪನೆಯವನನ್ನು ಕೂರಿಸಿದರೆ, ಅದರ ಎದುರಿನ ಒಂದನೇ ತೊಟ್ಟಿಲಿಗೆ ಅಂಥವನೇ ಇನ್ನೊಬ್ಬ. ಆರಕ್ಕೆ ಹನ್ನೆರಡು ಎದುರು, ಎಂಟಕ್ಕೆ ಎರಡು. ಎರಡೂ ಕಡೆ ಸಮ ತೂಗಿದರೆ ಚಕ್ರವನ್ನು ಒಂದು ಬೆರಳಲ್ಲಿ ತಿರುಗಿಸಬಹುದು. ತೂಗದಿದ್ದರೆ ಭಾರದ ಕಡೆ ತಾನಾಗಿ ಕೆಳಗೆ ಧುಮುಕುತ್ತದೆ, ಧುಮುಕಿದ ರಭಸಕ್ಕೆ ತೊಟ್ಟಿಲುಗಳು ಮಗುಚುತ್ತವೆ. ಅದನ್ನು ತಡೆಯಲು ಇದ್ದದ್ದು ಒಂದೇ ಬ್ರೇಕು: ಹಳೇ ಲಾರಿ ಟೈರನ್ನು ಕೊಯ್ದು ಬಿಗಿದ ರಬ್ಬರು ಪಟ್ಟಿ. ಅದು ಸವೆದಿದೆಯೆಂದು ಇಮಾಮಸಾಬ ಮೂರು ತಿಂಗಳಿಂದ ಹೇಳುತ್ತಿದ್ದ. ಗಂಗಹನುಮಯ್ಯ ಮೂರು ತಿಂಗಳಿಂದ ‘ಹೂಂ’ ಅನ್ನುತ್ತಿದ್ದ.

ಅಂದು ಮಧ್ಯಾಹ್ನ ನಾಲ್ಕು ಗಂಟೆ. ಪಶ್ಚಿಮದಲ್ಲಿ ಮೋಡ ಕಪ್ಪುಗಟ್ಟಿತ್ತು, ಮೈದಾನದಲ್ಲಿ ಜನ ವಿರಳ. ಮಳವಳ್ಳಿ ಕಡೆಯ ಒಂದು ಸ್ತ್ರೀಶಕ್ತಿ ಸಂಘದ ಹತ್ತು ಹೆಂಗಸರು ಬಂದರು. ಎಲ್ಲರ ಮುಂದೆ ಅಧ್ಯಕ್ಷೆ ಕೆಂಪಾಜಮ್ಮ, ಒಂದು ಗುಡಾಣದಷ್ಟು ಗಟ್ಟಿಮುಟ್ಟು. ಹತ್ತೂ ಜನ ಒಬ್ಬರ ಕೈ ಒಬ್ಬರು ಹಿಡಿದು ಸರಪಳಿಯಂತೆ ನಿಂತಿದ್ದರು. ಬೆಂಗಳೂರಲ್ಲಿ ಕೈ ಬಿಟ್ಟವರು ಸಿಕ್ಕಿದ್ದಿಲ್ಲವೆಂದು ಊರಿನವರು ಹೇಳಿ ಕಳಿಸಿದ್ದರಂತೆ. ಹಾಗಾಗಿ ಬೆಳಗಿನಿಂದ ಬಾತ್‌ರೂಮಿಗೂ ಹತ್ತು ಜನ ಒಟ್ಟಿಗೇ.

“ಅವ್ವಾರ, ಎಲ್ಲಾರೂ ಒಂದ ಕಡೆ ಕುಂದರಬ್ಯಾಡ್ರಿ,” ಅಂದ ಇಮಾಮಸಾಬ. “ಐದ ಮಂದಿ ಇಲ್ಲಿ, ಐದ ಮಂದಿ ಎದುರಿಗೆ.”

“ಬ್ಯಾಡ ಕನಪ್ಪ. ಊರು ಬುಟ್ಟಾಗ್ಲಿಂದ ಒಬ್ರುನ್ನ ಒಬ್ರು ಬುಟ್ಟಿಲ್ಲ. ಈಗ ಆಕಾಸ್ದಲ್ಲಿ ಬುಡ್ತೀವಾ?” ಅಂದಳು ಕೆಂಪಾಜಮ್ಮ.

“ಹಂಗಂದ್ರ ಚಕ್ರ ತೂಗೂದಿಲ್ರೀ.”

“ಮೋಟ್ರು ಐತಲ್ಲ, ತೂಗ್ಲಿ ಬುಡು.”

ಗಂಗಹನುಮಯ್ಯ ಟಿಕೆಟ್ ಮೇಜಿನಿಂದಲೇ ಕೂಗಿದ: “ಏ ಇಮಾಮಣ್ಣ, ಮಳೆ ಬರ್ತಾ ಇದೆ. ಅವ್ರು ಕೇಳಿದ ಕಡೆ ಕೂರ್ಸಪ್ಪ, ಒಂದು ರೌಂಡಿಗೆ ಏನಾಗತ್ತೆ?”

ಆರನೇ ತೊಟ್ಟಿಲಲ್ಲಿ ಮೂವರು, ನನ್ನಲ್ಲಿ ನಾಲ್ವರು, ಎಂಟನೆಯದರಲ್ಲಿ ಮೂವರು ಕೂತರು. ಉಳಿದ ಒಂಬತ್ತೂ ಖಾಲಿ. ಮೋಟಾರು ನರಳುತ್ತಾ ನಮ್ಮನ್ನು ಮೇಲೆತ್ತಿತು. ನಾನು ನೆತ್ತಿಗೆ ತಲುಪಿದ ಗಳಿಗೆಯಲ್ಲೇ ಕರೆಂಟು ಹೋಯಿತು. ಜನರೇಟರಿನ ಬ್ಯಾಟರಿ ಹೋಗಿ ಒಂದು ವಾರವಾಗಿತ್ತು.

ಕೆಳಗೆ ಬ್ರೇಕು ಬಿಗಿಯಿತು. ಹೆಂಗಸರು ಮೊದಲು ನಕ್ಕರು. ಒಬ್ಬಳು ಲಾಲ್‌ಬಾಗ್ ಕಂಡಿತೆಂದಳು, ಇನ್ನೊಬ್ಬಳು ಅದು ಲಾಲ್‌ಬಾಗ್ ಅಲ್ಲ, ಸ್ಮಶಾನ ಎಂದಳು. ನನಗೆ ನಗು ಬರಲಿಲ್ಲ. ಹತ್ತು ಜನರ ಭಾರ ತುದಿಯಲ್ಲಿ, ಬುಡದಲ್ಲಿ ಏನೂ ಇಲ್ಲ. ಇರುವ ಒಂದು ರಬ್ಬರು ಪಟ್ಟಿ ಕಿರ್ ಎಂದು ಒಂದಂಗುಲ ಜಾರಿದ್ದು ನನ್ನ ಕಬ್ಬಿಣಕ್ಕೆ ತಿಳಿಯಿತು. ಆಗಲೇ ಮಳೆಯ ಮೊದಲ ಹನಿಗಳು ಬಿದ್ದವು. ಒದ್ದೆ ರಬ್ಬರು ಇನ್ನೂ ಬೇಗ ಜಾರುತ್ತದೆ.

“ಎದುರು ತೊಟ್ಟಿಲಿಗೆ ಜನ ಬೇಕು!” ಇಮಾಮಸಾಬ ಬ್ರೇಕಿನ ಸನ್ನೆಕೋಲಿನ ಮೇಲೆ ಮೈಚೆಲ್ಲಿ ಕೂಗುತ್ತಿದ್ದ. “ಹತ್ತ ಮಂದಿ ಬರ್ರೀ! ಕೆಳಗ ಭಾರ ಬಿದ್ದರ ಚಕ್ರ ನಿಲ್ಲತೈತಿ! ಬರ್ರೆಪಾ!”

ಓಡಿ ಬಂದ ಜನ ಹತ್ತಿ ಇಳಿಯುವ ಕಟ್ಟೆಯ ಹತ್ತಿರ ಗಕ್ಕನೆ ನಿಂತರು. ಫೋನುಗಳು ಮೇಲೆದ್ದವು, ಕಾಲುಗಳು ಏಳಲಿಲ್ಲ. ಕೆಟ್ಟು ನಿಂತ ಚಕ್ರಕ್ಕೆ, ಅದೂ ಬೀಳುತ್ತದೆಂದು ಅದರ ಯಜಮಾನನ ಆಳೇ ಕೂಗುತ್ತಿರುವಾಗ, ಯಾರು ಹತ್ತುತ್ತಾರೆ?

ಇಮಾಮಸಾಬ ತಲೆ ತಿರುಗಿಸಿದ. “ಸಾವಕಾರ್ರ, ಮೊದಲ ನೀವ ಕುಂದರ್ರಿ.”

“ನಾನಾ? ನಂಗೆ ಬೀಪಿ ಇದೆ ಕಣೋ!”

“ಬೀಪಿಗೆ ತೂಕ ಇಲ್ರೀ. ನಿಮಗ ಐತಿ. ಕುಂದರ್ರಿ!”

ಹನ್ನೆರಡು ವರ್ಷದಲ್ಲಿ ತನ್ನ ಚಕ್ರವನ್ನು ಒಂದು ಸಲವೂ ಹತ್ತದವನು ಗಂಗಹನುಮಯ್ಯ. ಪಟ್ಟಿ ಮತ್ತೆ ಕಿರ್ ಎಂದಿತು. ಮೇಲಿಂದ ಹತ್ತು ಕಂಠಗಳು ಒಂದೇ ಸಲ ಕಿರುಚಿದವು. ಅವನು ಕಣ್ಣುಮುಚ್ಚಿ ಒಂದನೇ ತೊಟ್ಟಿಲಲ್ಲಿ ಕೂತ. ಯಜಮಾನನೇ ಕೂತದ್ದನ್ನು ಕಂಡು ಕಬ್ಬಿನ ಹಾಲಿನವನು ಬಂದ, ಇಬ್ಬರು ಆಟೋದವರು ಬಂದರು, ಕಾಲೇಜಿನ ಹುಡುಗರು ಬಂದರು. ಬುಡದ ಮೂರು ತೊಟ್ಟಿಲುಗಳೂ ತುಂಬಿದವು. ಬ್ರೇಕಿನ ಕಿರುಗುಟ್ಟುವಿಕೆ ನಿಂತಿತು.

ಆಮೇಲೆ ಚಕ್ರದ ಅಂಚಿಗೆ ಹಗ್ಗ ಕಟ್ಟಿದರು. ಸಮ ತೂಗುವ ಚಕ್ರ ಹಗ್ಗಕ್ಕೆ ಮಣಿದು ಅರ್ಧ ಸುತ್ತು ಬಂತು. ನಾವು ಕಟ್ಟೆಗೆ ಇಳಿದೆವು; ಗಂಗಹನುಮಯ್ಯ, ಅವನ ಜೊತೆಯವರು ನೆತ್ತಿಗೆ ಏರಿದರು. ಇಮಾಮಸಾಬ ನನ್ನ ಚಿಲಕವನ್ನು ಗುದ್ದಿ ತೆಗೆದ.

“ಇಬ್ಬರ ಇಳೀರಿ. ಉಳಿದವರು ಅಲ್ಲೇ ಕುಂದರ್ರಿ.”

ನನ್ನಲ್ಲಿದ್ದ ಚಿಕ್ಕತಾಯಿ ಆಗಲೇ ಒಂದು ಕಾಲನ್ನು ಕಟ್ಟೆಗಿಟ್ಟಿದ್ದಳು. “ನಾನಿಳೀತೀನಿ, ಎಲ್ಲಾರೂ ಇಳೀತೀವಿ! ನೆಲ ಸಿಕ್ಕದೆ, ಇನ್ಯಾಕ್ ಕೂರ್ಬೇಕು?” ಆರನೆಯದರಲ್ಲೂ ಎಂಟನೆಯದರಲ್ಲೂ ಹೆಂಗಸರು ಎದ್ದು ನಿಂತರು.

“ಎಲ್ಲಾ ಇಳದ್ರ ಮ್ಯಾಲಿನವರು ಸಾಯ್ತಾರ್ರೀ!” ಇಮಾಮಸಾಬ ಬಾಗಿಲಿಗೆ ಅಡ್ಡ ನಿಂತ. “ಇಲ್ಲಿ ಇಬ್ಬರು, ಅರ್ಧ ಸುತ್ತಿಸಿ ಅಲ್ಲಿ ಇಬ್ಬರು. ಹಂಗ ಇಳಸಬೇಕು. ಬ್ಯಾರೆ ದಾರಿ ಇಲ್ಲ.”

“ಅಂದ್ರೆ ತಿರ್ಗಾ ಮೇಲಕ್ಕೋಗ್ಬೇಕಾ?”

“ಹೌದ್ರಿ.”

ಬಾಗಿಲು ತೆರೆದಿದೆ, ನೆಲ ಒಂದು ಗೇಣು ದೂರ, ಮಳೆ ಸುರಿಯುತ್ತಿದೆ. ಕೆಂಪಾಜಮ್ಮ ಚಿಕ್ಕತಾಯಿಯ ರಟ್ಟೆ ಹಿಡಿದು ಒಳಗೆ ಎಳೆದಳು.

“ಮೇಲ್ ನೋಡೇ.”

“ಬುಡಕ್ಕಾ!”

“ನೋಡು ಅಂದ್ನಲ್ಲ. ಅವ್ರು ನಿಂಗೆ ಅಣ್ಣನಾ, ಮಾವನಾ? ಯಾರೋ ಏನೋ, ಬಂದು ಕೂತವ್ರೆ. ಅವ್ರುನ್ನ ಅಲ್ಲಿ ನೇತಾಕ್ಬುಟ್ಟು ನೀನು ಬಸ್ ಹತ್ತಿಯಾ?” ಆಮೇಲೆ ಎಲ್ಲರಿಗೂ ಕೇಳುವಂತೆ: “ಬೀಪಿ ಇರೋ ಇಬ್ರು ಇಳೀರಿ. ಮಿಕ್ಕೋರು ಕೂತ್ಕಳಿ. ಅಳೋರು ಕೂತ್ಕಂಡೇ ಅಳಿ.”

ಕೂತರು. ಅತ್ತರು ಕೂಡ. ಅರ್ಧ ಸುತ್ತು, ಇಬ್ಬರು ಹೆಂಗಸರು. ಅರ್ಧ ಸುತ್ತು, ಇಬ್ಬರು ಹುಡುಗರು. ಒಂದೊಂದು ಸಲವೂ ಕೆಂಪಾಜಮ್ಮ ನನ್ನೊಳಗೆ ಕಟ್ಟೆಗೆ ಬಂದಳು, ತೆರೆದ ಬಾಗಿಲು ನೋಡಿದಳು, ಮತ್ತೆ ಮೇಲೆ ಹೋದಳು. ಇಳಿದವರು ಹಗ್ಗಕ್ಕೆ ಕೈ ಹಾಕಿದರು. ಮೇಲೆ ಹೋದಾಗಲೆಲ್ಲ ಅವಳು ನನ್ನ ಸರಳನ್ನು ಹಿಡಿಯುತ್ತಿದ್ದ ಬಿಗಿ ನನಗೊಬ್ಬನಿಗೆ ಗೊತ್ತು. ಕೆಳಗಿನವರಿಗೆ ಕೇಳಿದ್ದು ಅವಳ ಗದರಿಕೆ ಮಾತ್ರ.

ಕೊನೆಗೆ ಉಳಿದವರು ಇಬ್ಬರೇ. ಬುಡದಲ್ಲಿ ಅವಳು, ನೆತ್ತಿಯಲ್ಲಿ ಗಂಗಹನುಮಯ್ಯ. ಅವನು ಅರ್ಧ ಎದ್ದು ನಿಂತು, “ಇಳ್ಸ್ರೋ, ಇಳ್ಸ್ರೋ” ಎಂದು ತೊಟ್ಟಿಲನ್ನು ಅಲ್ಲಾಡಿಸುತ್ತಿದ್ದ.

“ಒಬ್ಬರ ಭಾರ ಹಗ್ಗ ತಡೀತೈತ್ರೀ ಅವ್ವಾರ,” ಇಮಾಮಸಾಬ ತಗ್ಗಿದ ದನಿಯಲ್ಲಿ ಹೇಳಿದ. “ಸುಮ್ಮನ ಕುಂತವರದ್ದು. ಹಂಗ ಜಿಗಿದಾಡವರದ್ದು ಹೇಳಾಕ ಬರೂದಿಲ್ಲ. ನೀವು ಇಳಿಯೂದಾದ್ರ ಇಳೀರಿ. ನಾ ಬ್ಯಾಡ ಅನ್ನಾಂಗಿಲ್ಲ.”

ಕೆಂಪಾಜಮ್ಮ ಕಟ್ಟೆ ನೋಡಿದಳು. ಹಗ್ಗ ಹಿಡಿದ ತನ್ನ ಒಂಬತ್ತು ಜನರನ್ನು ನೋಡಿದಳು. ಎಲೆಯಡಿಕೆ ಉಗುಳಿ, ತಾನೇ ಬಾಗಿಲು ಎಳೆದುಕೊಂಡಳು.

“ಎಳೀರಿ. ಆವಯ್ಯನ್ನ ಇಳ್ಸಿ ಮದ್ಲು.”

ನಾವಿಬ್ಬರೇ ಮೇಲೆ ಹೋದೆವು. ಗಂಗಹನುಮಯ್ಯ ಕೆಳಗೆ ಇಳಿದ. ಈಗ ಇಡೀ ಚಕ್ರದಲ್ಲಿ ಒಂದೇ ಜೀವ, ಅದು ತುತ್ತತುದಿಯಲ್ಲಿ. ಅವಳು ಅಲ್ಲಾಡಲಿಲ್ಲ. ಮಳೆಯಲ್ಲಿ ಬೆಂಗಳೂರು ಕಾಣುತ್ತಿರಲಿಲ್ಲ. ಆದರೂ ಅವಳು ಆ ಕಡೆಯೇ ನೋಡುತ್ತಾ ಕೂತಳು. ಬ್ರೇಕು ಜಾರಿತು, ನಾವು ಒಂದಾಳುದ್ದ ಧುಮುಕಿದೆವು, ಹಗ್ಗ ಸೆಟೆದು ನಿಂತಿತು. ಕೆಳಗೆ ಗಂಗಹನುಮಯ್ಯ ಹಗ್ಗದ ಕಡೆ ಓಡಿದ. ಅವನು ಕೆಸರಲ್ಲೇ ಕೂತು ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡ. ಆ ದಿನ ಅವನ ತೂಕ ಎರಡನೇ ಸಲ ಉಪಯೋಗಕ್ಕೆ ಬಂತು. ಅಂಗುಲ ಅಂಗುಲವಾಗಿ ನಮ್ಮನ್ನು ಇಳಿಸಿದರು.

ಕೆಂಪಾಜಮ್ಮ ಕಟ್ಟೆಗೆ ಕಾಲಿಟ್ಟು ಇಮಾಮಸಾಬನನ್ನೇ ದಿಟ್ಟಿಸಿದಳು.

“ಹಿಂಗಾಯ್ತದೆ ಅಂತ ಮದ್ಲೇ ಯಾಕಪ್ಪ ಹೇಳ್ನಿಲ್ಲ?”

“ಹೇಳಿದ್ನಲ್ರೀ ಅವ್ವಾರ. ನೀವು ಕೇಳಲಿಲ್ಲ.”

“ಕೇಳೋ ಹಂಗೆ ಹೇಳ್ಬೇಕಪ್ಪ,” ಅಂದಳು. ಹಾಗೆನ್ನುತ್ತಲೇ ಅವನ ಕೈ ಹಿಡಿದು, ಹಗ್ಗ ಕೊಯ್ದ ಅಂಗೈಯನ್ನು ತನ್ನ ಸೆರಗಿನಿಂದ ಒರೆಸಿದಳು.

ಅದಾಗಿ ಚಕ್ರ ತಿರುಗಲಿಲ್ಲ. ಗಂಗಹನುಮಯ್ಯ ಅದನ್ನು ಬಿಚ್ಚಿಸಿ ಗುಜರಿಗೆ ಹಾಕಿದ. ಇಮಾಮಸಾಬ ಸವಣೂರಿಗೆ ಹೋದ. ನನ್ನನ್ನು ಮಾತ್ರ ಹೆದ್ದಾರಿಯ ಒಂದು ಹೋಟೆಲಿನವನು ಆರಿಸಿಕೊಂಡು, ಗುಲಾಬಿ ಬಣ್ಣ ಬಳಿದು, ಎರಡು ಕಂಬದ ನಡುವೆ ನೇತುಹಾಕಿದ್ದಾನೆ. ಬೆಂಗಳೂರಿಗೆ ಹೋಗುವವರು, ಬೆಂಗಳೂರಿನಿಂದ ಬರುವವರು ದೋಸೆ ಬರುವ ತನಕ ನನ್ನಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೆಲದಿಂದ ಎರಡಡಿ. ಯಾರು ಯಾವಾಗ ಬೇಕಾದರೂ ಇಳಿಯಬಹುದು, ಯಾರನ್ನೂ ಕೇಳಬೇಕಿಲ್ಲ. ಹಾಗೆಯೇ ಇಳಿಯುತ್ತಾರೆ, ಮೇಲೆ ನೋಡುವುದಿಲ್ಲ.

ನಾನು ಈಗಲೂ ರೂಢಿ ಬಿಟ್ಟಿಲ್ಲ. ಕೂತವರು ಥಟ್ಟನೆ ಎದ್ದಾಗ ನನ್ನ ಕೀಲುಗಳು ಬಿಗಿಯುತ್ತವೆ, ಎದುರು ಯಾರಿದ್ದಾರೋ ಎಂದು. ಎದುರಿಗೆ ಕೈತೊಳೆಯುವ ನಲ್ಲಿ ಇದೆ, ಅಷ್ಟೇ. ಆದರೂ ಒಂದು ಗಳಿಗೆ ಹಿಡಿದುಕೊಂಡೇ ಇರುತ್ತೇನೆ.